ಹೊಸ ಟ್ರ್ಯಾಕ್ಟರ್ ಕೊಳ್ಳುವಾಗ ಹೆಚ್ಚುವರಿ ಸೌಲಭ್ಯಗಳ ಆಯ್ಕೆ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಯು ಕರ್ನಾಟಕದ ಪೂರ್ವ ಒಣ ವಲಯಕ್ಕೆ ಸೇರಿದೆ. ಇಲ್ಲಿನ ಭೂಮಿ ಹೆಚ್ಚಾಗಿ ಕೆಂಪು ಮಣ್ಣು. ಮಳೆಯಾಶ್ರಯದಲ್ಲಿ ರಾಗಿ, ಅವರೆ ಮತ್ತು ತೊಗರಿಯನ್ನೂ, ಕೊಳವೆಬಾವಿ ಇರುವ ಕಡೆ ತರಕಾರಿ, ತೆಂಗು ಮತ್ತು ಅಡಿಕೆಯನ್ನೂ ರೈತರು ಬೆಳೆಯುತ್ತಾರೆ. ಹಿಡುವಳಿಗಳು ಸಣ್ಣವು, ಅವೂ ಎರಡು ಮೂರು ತುಂಡುಗಳಾಗಿ ಹಂಚಿಹೋಗಿರುತ್ತವೆ. ಇಂತಹ ಕಡೆ ಟ್ರ್ಯಾಕ್ಟರ್ ಕೊಳ್ಳುವುದು ಒಂದು ಕುಟುಂಬದ ಹಲವು ವರ್ಷಗಳ ಆದಾಯವನ್ನು ಒತ್ತೆ ಇಟ್ಟಂತೆ. ಯಾವ ಕಂಪನಿ, ಎಷ್ಟು ಅಶ್ವಶಕ್ತಿ ಎಂಬುದನ್ನು ರೈತರು ನಾಲ್ಕು ಜನರನ್ನು ಕೇಳಿ ತೀರ್ಮಾನಿಸುತ್ತಾರೆ. ಆದರೆ ಅದೇ ಮಾದರಿಯಲ್ಲಿ ದೊರೆಯುವ ಹೆಚ್ಚುವರಿ ಸೌಲಭ್ಯಗಳನ್ನು ಮುಂಗಡ ಕಟ್ಟುವ ದಿನ ಅವಸರದಲ್ಲಿ ಒಪ್ಪಿಬಿಡುವುದೇ ಹೆಚ್ಚು.

ಆಯ್ಕೆಯ ಮೂಲ ಸೂತ್ರ

ಕಾರ್ಖಾನೆಯಲ್ಲಿ ಮಾತ್ರ ಅಳವಡಿಸಲು ಸಾಧ್ಯವಿರುವುದನ್ನು ಆರ್ಡರ್ ಕೊಡುವಾಗಲೇ ಕೇಳಿ ಪಡೆಯಬೇಕು. ಮುಂದೆ ಎಂದಾದರೂ ಹೊರಗೆ ಕೊಳ್ಳಬಹುದಾದುದನ್ನು ಸಾಲದ ಹಣದಲ್ಲಿ ಸೇರಿಸಬಾರದು. ಇದಿಷ್ಟನ್ನು ನೆನಪಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ಉದಾಹರಣೆಗೆ, 60,000 ರೂಪಾಯಿ ಬೆಲೆಯ ಹೆಚ್ಚುವರಿ ಸಾಮಾನನ್ನು ಶೇಕಡ 11ರ ಬಡ್ಡಿಯ ಸಾಲಕ್ಕೆ ಸೇರಿಸಿ, 5 ವಾರ್ಷಿಕ ಸಮ ಕಂತುಗಳಲ್ಲಿ ತೀರಿಸಿದರೆ ವರ್ಷಕ್ಕೆ ಸುಮಾರು 16,200 ರೂಪಾಯಿ ಕಟ್ಟಬೇಕಾಗುತ್ತದೆ. ಕೊನೆಗೆ ಆ ಸಾಮಾನಿಗೆ ತೆತ್ತ ಬೆಲೆ ಸುಮಾರು 81,000 ರೂಪಾಯಿ ಆಗುತ್ತದೆ. ಮಳೆ ಕೈಕೊಟ್ಟ ವರ್ಷವೂ ಈ ಕಂತು ನಿಲ್ಲುವುದಿಲ್ಲ.

ಮೊದಲು ಕೆಲಸದ ಪಟ್ಟಿ

ಷೋರೂಮಿಗೆ ಹೋಗುವ ಮೊದಲು ಮನೆಯಲ್ಲಿ ಕುಳಿತು ವರ್ಷದ ಕೆಲಸಗಳನ್ನು ಬರೆದುಕೊಳ್ಳಬೇಕು. ಮಾಗಿ ಉಳುಮೆ, ಕಲ್ಟಿವೇಟರ್ ಹೊಡೆಯುವುದು, ಕೂರಿಗೆಯಲ್ಲಿ ರಾಗಿ ಬಿತ್ತನೆ, ಗೊಬ್ಬರ ಸಾಗಿಸುವುದು, ರಾಗಿ ಒಕ್ಕಣೆ, ತೋಟದ ಸಾಲಿನ ನಡುವಿನ ಉಳುಮೆ, ಬಾಡಿಗೆ ಕೆಲಸ - ಇವುಗಳಲ್ಲಿ ಯಾವುದು ಎಷ್ಟು ದಿನ ಎಂಬುದನ್ನು ಎದುರಿಗೆ ಗುರುತಿಸಬೇಕು. ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಬೇಕಾಗುವ ಉಪಕರಣಕ್ಕಾಗಿ ದುಬಾರಿ ಸೌಲಭ್ಯ ಹಾಕಿಸುವುದಕ್ಕಿಂತ ಆ ಕೆಲಸವನ್ನು ಬಾಡಿಗೆಯಲ್ಲಿ ಮಾಡಿಸುವುದು ಲೇಸು. 2014-15ರಿಂದ ರಾಜ್ಯದಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಕೇಂದ್ರಗಳ ಉದ್ದೇಶವೂ ಇದೇ.

ಕಾರ್ಖಾನೆಯಿಂದಲೇ ಬರಬೇಕಾದವು

1. ಡಬಲ್ ಕ್ಲಚ್: ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಪೆಡಲ್ ಒತ್ತಿದರೆ ಗಾಡಿಯ ಜೊತೆಗೆ ಪಿ.ಟಿ.ಓ. ಕೂಡ ನಿಲ್ಲುತ್ತದೆ. ಡಬಲ್ ಕ್ಲಚ್‌ನಲ್ಲಿ ಪೆಡಲನ್ನು ಅರ್ಧ ಒತ್ತಿದಾಗ ಗಾಡಿ ಮಾತ್ರ ನಿಲ್ಲುತ್ತದೆ, ಪಿ.ಟಿ.ಓ. ತಿರುಗುತ್ತಲೇ ಇರುತ್ತದೆ. ರೋಟವೇಟರ್ ಮುಂತಾಗಿ ಚಲಿಸುತ್ತಾ ಕೆಲಸ ಮಾಡುವ ಯಂತ್ರಗಳನ್ನು ಹೆಚ್ಚು ಬಳಸುವವರಿಗೆ ಇದು ಅಗತ್ಯ. ಕಲ್ಟಿವೇಟರ್ ಮತ್ತು ಟ್ರೈಲರ್ ಕೆಲಸ ಮಾತ್ರ ಇರುವವರಿಗೆ, ನಿಂತಲ್ಲೇ ಓಡುವ ಒಕ್ಕಣೆ ಯಂತ್ರ ಸೇರಿದರೂ, ಸಿಂಗಲ್ ಕ್ಲಚ್ ಸಾಕು.

2. ಪಿ.ಟಿ.ಓ. ವೇಗ: ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು. ಕೆಲವು ಮಾದರಿಗಳಲ್ಲಿ ಎಂಜಿನ್ ಕಡಮೆ ವೇಗದಲ್ಲಿ ಓಡುವಾಗಲೇ ಈ 540 ಸುತ್ತು ಸಿಗುವ ಮಿತವ್ಯಯದ ಗೇರು ಇರುತ್ತದೆ. ಔಷಧಿ ಸಿಂಪಡಣೆ, ನೀರೆತ್ತುವುದು ಮುಂತಾದ ಹಗುರ ಕೆಲಸಗಳಲ್ಲಿ ಇದರಿಂದ ಡೀಸೆಲ್ ಉಳಿಯುತ್ತದೆ. ರೋಟವೇಟರ್‌ನಂತಹ ಭಾರದ ಕೆಲಸಕ್ಕೆ ಇದನ್ನು ಬಳಸಬಾರದು.

3. ಆಯಿಲ್ ಬ್ರೇಕ್: ಎಣ್ಣೆಯಲ್ಲಿ ಮುಳುಗಿರುವ ಈ ಬ್ರೇಕಿಗೆ ಕೆಸರು, ಧೂಳು ತಾಗುವುದಿಲ್ಲ, ಸವೆತ ಕಡಮೆ. ತುಂಬಿದ ಟ್ರೈಲರ್ ಎಳೆಯುವವರು ಇದನ್ನು ಬಿಡಬಾರದು.

4. ಪವರ್ ಸ್ಟೀರಿಂಗ್: ಸಣ್ಣ ತುಂಡು ಭೂಮಿಯಲ್ಲಿ ಪ್ರತಿ ಸಾಲಿನ ಕೊನೆಗೂ ಗಾಡಿ ತಿರುಗಿಸಬೇಕು. ದಿನವಿಡೀ ಓಡಿಸುವವರ ತೋಳು, ಬೆನ್ನುಗಳಿಗೆ ಇದರಿಂದ ಆರಾಮ. ನಂತರ ಹಾಕಿಸಿದರೆ ಖರ್ಚು ಹೆಚ್ಚು.

5. ನಾಲ್ಕು ಚಕ್ರಕ್ಕೂ ಎಳೆತ: ಕೆಸರು ಗದ್ದೆಗೂ ಭಾರದ ಎಳೆತಕ್ಕೂ ಇದು ಒಳ್ಳೆಯದು. ರಾಗಿ ಹೊಲದಲ್ಲಿ ಕಲ್ಟಿವೇಟರ್ ಹೊಡೆಯಲು ಹಿಂದಿನ ಎರಡು ಚಕ್ರಗಳ ಎಳೆತವೇ ಸಾಕು. ಮುಂದಿನ ಅಚ್ಚಿನ ನಿರ್ವಹಣೆಯ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

6. ಉರುಳು ರಕ್ಷಣಾ ಚೌಕಟ್ಟು: ಟ್ರ್ಯಾಕ್ಟರ್ ಮಗುಚಿದಾಗ ಚಾಲಕನ ಪ್ರಾಣ ಉಳಿಸುವುದು ಈ ಉಕ್ಕಿನ ಚೌಕಟ್ಟು ಮತ್ತು ಅದರ ಜೊತೆಗಿನ ಸೀಟ್ ಬೆಲ್ಟ್. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಮೇಲ್ಚಾವಣಿ ನೆರಳು ಕೊಡುತ್ತದೆಯೇ ಹೊರತು ಭಾರ ತಡೆಯುವುದಿಲ್ಲ. ಕೆರೆ ಏರಿ, ಎತ್ತರದ ಬದು, ಇಳಿಜಾರು ದಾರಿಗಳಲ್ಲಿ ಗಾಡಿ ಓಡಿಸಬೇಕಾದವರು ಉಳಿದೆಲ್ಲ ಸೌಲಭ್ಯಗಳಿಗಿಂತ ಮೊದಲು ಇದನ್ನು ಕೇಳಬೇಕು.

ಟೈರು ಮತ್ತು ತೂಕ

ಹಿಂದಿನ ಟೈರಿನಲ್ಲಿ 13.6-28 ಮತ್ತು 14.9-28 ಎಂಬ ಎರಡು ಅಳತೆಗಳ ಆಯ್ಕೆ ಹಲವು ಮಾದರಿಗಳಲ್ಲಿ ಇದೆ. ಮೊದಲ ಅಂಕಿ ಟೈರಿನ ಅಗಲವನ್ನೂ ಎರಡನೆಯದು ರಿಮ್ಮಿನ ವ್ಯಾಸವನ್ನೂ ಅಂಗುಲಗಳಲ್ಲಿ ತಿಳಿಸುತ್ತದೆ. ಅಗಲ ಟೈರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ, ಮಣ್ಣಿನ ಮೇಲಿನ ಒತ್ತಡವೂ ಕಡಮೆ. ಆದರೆ ತೋಟದ ಇಕ್ಕಟ್ಟಾದ ಸಾಲುಗಳಲ್ಲಿ ಅದರಿಂದ ತೊಡಕು. ಆದ್ದರಿಂದ ಆರ್ಡರ್ ಕೊಡುವ ಮೊದಲು ಸಾಲಿನ ಅಂತರ ಅಳೆದು ನೋಡಬೇಕು.

ಮುಂದೆ ತೂಗುಹಾಕುವ ಕಬ್ಬಿಣದ ತೂಕಗಳು ಹಿಂದೆ ಭಾರದ ಉಪಕರಣ ಇರುವವರಿಗೆ ಮಾತ್ರ ಬೇಕು. ಅನಗತ್ಯ ತೂಕದಿಂದ ಡೀಸೆಲ್ ನಷ್ಟ. ಹಸಿ ನೆಲದಲ್ಲಿ ಓಡಿಸಿದರೆ ಮೇಲ್ಮಣ್ಣಿನ ಕೆಳಗೆ ಗಟ್ಟಿ ಪದರ ಕಟ್ಟಿ ಬೇರು ಇಳಿಯುವುದಿಲ್ಲ.

ಕೆಂಪು ಮಣ್ಣಿನಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ರೋಟವೇಟರಿನಿಂದ ಮಣ್ಣನ್ನು ಹಿಟ್ಟಿನಂತೆ ಮಾಡಿದರೆ, ಬಿತ್ತನೆಯ ಮೇಲೆ ಬಿದ್ದ ಮಳೆ ಒಣಗಿದಾಗ ಮೇಲ್ಪದರ ಹೆಪ್ಪುಗಟ್ಟಿ ರಾಗಿ ಮೊಳಕೆ ಹೊರಬರಲು ಕಷ್ಟವಾಗುತ್ತದೆ. ರೋಟವೇಟರಿಗಾಗಿಯೇ ದೊಡ್ಡ ಟ್ರ್ಯಾಕ್ಟರ್ ಕೊಳ್ಳುವ ಯೋಚನೆಯಿದ್ದರೆ ಇದನ್ನೂ ತೂಗಿ ನೋಡಬೇಕು.

ನಂತರ ಕೊಳ್ಳಬಹುದಾದವು

ಮೇಲ್ಚಾವಣಿ, ಬಂಪರ್, ಅಲಂಕಾರದ ದೀಪ, ಸೀಟಿನ ಹೊದಿಕೆ, ಕೆಸರಿನ ಕೇಜ್ ವೀಲ್ ಇವೆಲ್ಲ ಕೈಯಲ್ಲಿ ಹಣ ಓಡಾಡಿದಾಗ ಹೊರಗೆ ಸಿಗುತ್ತವೆ. ಆದರೆ ಹೈಡ್ರಾಲಿಕ್ ಅಥವಾ ವಿದ್ಯುತ್ ವ್ಯವಸ್ಥೆಯನ್ನು ಹೊರಗಿನವರಿಂದ ಬದಲಿಸಿದರೆ ವಾರಂಟಿಗೆ ತೊಂದರೆಯಾಗಬಹುದು. ಟಿಪ್ಪಿಂಗ್ ಟ್ರೈಲರ್ ಅಥವಾ ತಿರುವು ನೇಗಿಲು ಕೊಳ್ಳುವ ಯೋಚನೆ ಇದ್ದವರು ಹೆಚ್ಚುವರಿ ಹೈಡ್ರಾಲಿಕ್ ವಾಲ್ವನ್ನು ಮೊದಲೇ ಹಾಕಿಸಿಕೊಳ್ಳುವುದು ಉತ್ತಮ.

ಆರ್ಡರ್ ಕೊಡುವ ದಿನ

* ಮಧ್ಯಪ್ರದೇಶದ ಬುಧ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಆ ಮಾದರಿಯ ಪರೀಕ್ಷಾ ವರದಿಯನ್ನು ಕೇಳಿ, ಪಿ.ಟಿ.ಓ. ಶಕ್ತಿ ಮತ್ತು ಎತ್ತುವ ಸಾಮರ್ಥ್ಯ ನೋಡಬೇಕು. ಪಿ.ಟಿ.ಓ. ಶಕ್ತಿ ಎಂಜಿನ್ ಶಕ್ತಿಗಿಂತ ಕಡಮೆ ಇರುತ್ತದೆ.
* ಪ್ರತಿ ಸೌಲಭ್ಯದ ಬೆಲೆಯನ್ನು ಕೊಟೇಶನ್ನಿನಲ್ಲಿ ಬೇರೆಬೇರೆಯಾಗಿ ಬರೆಸಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿ.ಎಸ್.ಟಿ. ಶೇಕಡ 12ರಿಂದ 5ಕ್ಕೆ ಇಳಿದಿದೆ. ಲೆಕ್ಕ ಆ ದರದಲ್ಲಿದೆಯೇ ಎಂದು ಪರಿಶೀಲಿಸಬೇಕು.
* "ಉಚಿತ" ಎಂದು ಹೇಳಿದ ಸಾಮಾನುಗಳ ಹೆಸರನ್ನೂ ಆರ್ಡರ್ ಚೀಟಿಯಲ್ಲಿ ಬರೆಸಬೇಕು.
* ಗಾಡಿ ಪಡೆಯುವಾಗ ಚಾಸಿಸ್ ಮತ್ತು ಎಂಜಿನ್ ಸಂಖ್ಯೆ, ಟೈರಿನ ಅಳತೆ, ಕ್ಲಚ್ ಬಗೆ ಇವನ್ನು ಚೀಟಿಯೊಡನೆ ಹೋಲಿಸಿ, ಪಿ.ಟಿ.ಓ. ಓಡಿಸಿ ನೋಡಿದ ಮೇಲೆಯೇ ಸಹಿ ಮಾಡಬೇಕು.

ನೆರೆಯ ರೈತರ ಟ್ರ್ಯಾಕ್ಟರಿನಲ್ಲಿ ಇದೆ ಎಂಬ ಕಾರಣಕ್ಕೆ ಯಾವ ಸೌಲಭ್ಯವೂ ನಮ್ಮ ಹೊಲಕ್ಕೆ ಬೇಕಾಗುವುದಿಲ್ಲ. ರೈತ ಬಾಂಧವರು ಮನೆಯಲ್ಲಿ ಬರೆದ ಕೆಲಸದ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅದಕ್ಕೆ ತಕ್ಕುದನ್ನಷ್ಟೇ ಆರಿಸಿದರೆ, ಟ್ರ್ಯಾಕ್ಟರ್ ತನ್ನ ಕಂತನ್ನು ತಾನೇ ದುಡಿದು ತೀರಿಸಬಲ್ಲದು.