ನಾಣ್ಯ ಕೊಳ್ಳೋದಾ, ಗಣಿ ಕೊಳ್ಳೋದಾ?

ಹ್ಯಾಕಥಾನ್ ಬಹುಮಾನದ ದುಡ್ಡಲ್ಲಿ ನಾವು ಮೂರು ಜನ ಸೇರಿ ಒಂದು ಗ್ರಾಂ ಚಿನ್ನದ ನಾಣ್ಯ ತಗೊಂಡ್ವಿ. ಶಿವಾಜಿನಗರದ ಒಂದು ಅಂಗಡಿ, 24 ಕ್ಯಾರೆಟ್, ಚೆಂದದ ಪ್ಲಾಸ್ಟಿಕ್ ಪ್ಯಾಕು. ಎರಡು ತಿಂಗಳಾದ ಮೇಲೆ ಒಬ್ಬನಿಗೆ ಪರೀಕ್ಷೆ ಫೀಸಿಗೆ ದುಡ್ಡು ಬೇಕಾಯ್ತು, ಮಾರೋಕೆ ಹೋದ್ವಿ. ರೇಟು ಸ್ವಲ್ಪ ಏರಿತ್ತು, ಆದ್ರೂ ಕೊಟ್ಟಿದ್ದಕ್ಕಿಂತ ಕಡಿಮೆ ಬಂತು. ಮೋಸ ಅಂದ್ಕೊಂಡ್ವಿ. ಆಮೇಲೆ ನೋಡಿದ್ರೆ ನಾವೇ ಬಿಲ್ ಸರಿಯಾಗಿ ಓದಿರಲಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 10,000 ರೂಪಾಯಿ ಇಟ್ಕೊಳ್ಳೋಣ. ತಯಾರಿಕಾ ವೆಚ್ಚ ಶೇ 5 ಅಂದ್ರೆ 10,500. ಅದರ ಮೇಲೆ ಶೇ 3 ಜಿಎಸ್‌ಟಿ ಸೇರಿ 10,815. ಮಾರುವಾಗ ಇವೆರಡೂ ವಾಪಸ್ ಬರಲ್ಲ. ಅಂದ್ರೆ ಚಿನ್ನ ಶೇ 8ಕ್ಕಿಂತ ಹೆಚ್ಚು ಏರಿದ ಮೇಲಷ್ಟೇ ಲಾಭ ಶುರು. ನಾಣ್ಯ ಚಿಕ್ಕದಾದಷ್ಟೂ ತಯಾರಿಕಾ ವೆಚ್ಚದ ಪಾಲು ಸಾಮಾನ್ಯವಾಗಿ ಜಾಸ್ತಿ. ಬ್ಯಾಂಕಲ್ಲಿ ತಗೊಂಡ್ರೆ ಇನ್ನೊಂದು ತೊಂದರೆ: ಬ್ಯಾಂಕು ನಾಣ್ಯ ಮಾರುತ್ತೆ, ವಾಪಸ್ ಕೊಳ್ಳಲ್ಲ.

ಹಾಗಾದ್ರೆ ಗಣಿ ಕಂಪನಿಯ ಷೇರು? ಒಂದು ಗ್ರಾಂ ತೆಗೆಯೋಕೆ ಗಣಿಗೆ 8,000 ಖರ್ಚು ಅಂದ್ಕೊಳ್ಳಿ. ಬೆಲೆ 10,000 ಇದ್ದಾಗ ಲಾಭ 2,000. ಬೆಲೆ ಶೇ 10 ಏರಿದ್ರೆ ಲಾಭ 3,000, ಅಂದ್ರೆ ಶೇ 50 ಜಾಸ್ತಿ! ಆದ್ರೆ ಬೆಲೆ ಶೇ 20 ಬಿದ್ರೆ ಲಾಭ ಸೊನ್ನೆ. ನಾಣ್ಯ ಇಟ್ಕೊಂಡವನಿಗೆ ಆಗ ಇನ್ನೂ 8,000ದ ಚಿನ್ನ ಉಳಿದಿರುತ್ತೆ. ಮೆಕ್ಯಾನಿಕ್ಸ್ ಕ್ಲಾಸಿನ ಸನ್ನೆಗೋಲಿನ ಹಾಗೆ, ಎರಡೂ ಕಡೆಗೆ ಎತ್ತಿ ಹಾಕುತ್ತೆ.

ಇದಕ್ಕೆ ಉದಾಹರಣೆ ನಮ್ಮ ರೈಲು ದಾರಿಯಲ್ಲೇ ಇದೆ. ಕಂಟೋನ್ಮೆಂಟ್, ಕೆ.ಆರ್. ಪುರ, ಬಂಗಾರಪೇಟೆ ದಾಟಿ ಮಾರಿಕುಪ್ಪಂಗೆ ಹೋದ್ರೆ ಕೆಜಿಎಫ್. ಅಲ್ಲಿ ಗಣಿಗಾರಿಕೆಗೆ 1873ರಲ್ಲಿ ಮೈಸೂರು ಸರ್ಕಾರದ ಅನುಮತಿ ಕೇಳಿದ ಲವೆಲ್ ಕಂಟೋನ್ಮೆಂಟಿನಲ್ಲೇ ನೆಲೆಸಿದ್ದ ನಿವೃತ್ತ ಸೈನಿಕ. ಲವೆಲ್ ರಸ್ತೆ ಅವನದೇ ಹೆಸರು. ದುಡ್ಡು ಸಾಲದೆ ಹಕ್ಕು ಬೇರೆಯವರಿಗೆ ಹೋಯ್ತು. 1880ರಲ್ಲಿ ಲಂಡನ್ನಿನಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಶುರುವಾಗಿ, ಕೆಲವೇ ವರ್ಷದಲ್ಲಿ ಹಣ ಕರಗಿ ಮುಚ್ಚುವ ಹಂತಕ್ಕೆ ಬಂತು. ಆಗ ಚಾಂಪಿಯನ್ ರೀಫ್‌ನ ಚಿನ್ನ ಸಿಕ್ಕಿತು. ತಾಳ್ಮೆ ಕಳ್ಕೊಂಡು ಷೇರು ಮಾರಿದವರ ಹೊಟ್ಟೆ ಎಷ್ಟು ಉರಿದಿರಬೇಡ!

ಅದೇ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನೇ ಮೀರಿ, 2001ರ ಫೆಬ್ರವರಿ 28ರಂದು ಮುಚ್ಚಿತು. ಆಗ ಔನ್ಸಿಗೆ 270 ಡಾಲರ್ ಆಸುಪಾಸು ಇದ್ದ ಚಿನ್ನ 2011ರಲ್ಲಿ 1,800 ದಾಟಿತು. ಅಷ್ಟೊತ್ತಿಗೆ ಸುರಂಗಗಳಲ್ಲಿ ನೀರು ತುಂಬಿತ್ತು.

ಇವತ್ತು ಕರ್ನಾಟಕದಲ್ಲಿ ದೊಡ್ಡ ಮಟ್ಟದಲ್ಲಿ ಚಿನ್ನ ತೆಗೀತಿರೋ ರಾಯಚೂರು ಜಿಲ್ಲೆಯ ಹಟ್ಟಿ ರಾಜ್ಯ ಸರ್ಕಾರದ್ದು, ಷೇರುಪೇಟೆಯಲ್ಲಿ ಸಿಗಲ್ಲ. ಡೆಕ್ಕನ್ ಗೋಲ್ಡ್ ಮೈನ್ಸ್ ಸಿಗುತ್ತೆ. ಆದ್ರೆ ಹಾವೇರಿಯ ಗಣಜೂರಿನಲ್ಲಿ ಚಿನ್ನ ಪತ್ತೆಯಾದರೂ ಗುತ್ತಿಗೆಗಾಗಿ ವರ್ಷಗಟ್ಟಲೆ ಕಾಯಬೇಕಾದ ಕಥೆ ಅದರದ್ದು. ನೆಲದಲ್ಲಿ ಚಿನ್ನ ಇರೋದು ಬೇರೆ, ಅದು ಕೈಗೆ ಬರೋದು ಬೇರೆ. ನಮ್ಮಂಥ ಸಣ್ಣ ಜೇಬಿನವರಿಗೆ ಗೋಲ್ಡ್ ಇಟಿಎಫ್ ವಾಸಿ ಅನ್ಸುತ್ತೆ: ತಯಾರಿಕಾ ವೆಚ್ಚ ಇಲ್ಲ, ಬರೀ ನೂರಿನ್ನೂರು ರೂಪಾಯಿಯಲ್ಲೂ ಶುರು ಮಾಡಬಹುದು.

ನಮ್ಮಲ್ಲೊಬ್ಬನ ತಾತ ಕೆಜಿಎಫ್ ಗಣಿಯಲ್ಲಿ ದುಡಿದು ಈಗ ಕೆ.ಆರ್. ಪುರದಲ್ಲಿದ್ದಾರೆ. ಗಣಿ ಷೇರು ತಗೊಳ್ಳಲಾ ಅಂತ ಕೇಳಿದ್ದಕ್ಕೆ ಅವರು, "ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಬರುತ್ತೆ? ಎಷ್ಟು ಆಳದಲ್ಲಿದೆ?" ಅಂದ್ರು. ಎರಡಕ್ಕೂ ಉತ್ತರ ನಮ್ಮ ಹತ್ರ ಇರಲಿಲ್ಲ. ಈಗ ಕಂಪನಿಯ ವಾರ್ಷಿಕ ವರದಿ ಇಳಿಸ್ಕೊಂಡು ಹುಡುಕ್ತಾ ಇದೀವಿ.