ಹಳೇ ಮೋಟಾರ್‌ಹೋಮ್: ಬೆಲೆ ಮಾತಾಡುವ ಮುನ್ನ ಛಾವಣಿ ನೋಡಿ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಬೇಸಿಗೆ ರಜೆ ಹತ್ತಿರ ಬಂದಂತೆ ಮೋಟಾರ್‌ಹೋಮ್‌ನ ಮಾತು ಏಳುತ್ತದೆ. ಊರಿಂದ ಅಪ್ಪ–ಅಮ್ಮ ಬಂದಿರುತ್ತಾರೆ. ಅವರಿಗೆ ಯೆಲ್ಲೋಸ್ಟೋನ್ ತೋರಿಸಬೇಕು, ಆದರೆ ಹೋಟೆಲ್ ಊಟ ಅವರಿಗೆ ಒಗ್ಗದು. ಒಲೆ, ಮಂಚ, ಶೌಚಾಲಯಗಳನ್ನು ಹೊತ್ತು ಓಡುವ ಗಾಡಿಯಿದ್ದರೆ ದಾರಿಯಲ್ಲೇ ಅನ್ನ–ಸಾರು ಮಾಡಿಕೊಳ್ಳಬಹುದು. ಒಂದೆರಡು ಸಲ ಬಾಡಿಗೆಗೆ ತೆಗೆದುಕೊಂಡವರು ಬಿಲ್ಲು ನೋಡಿ, ‘ಹಳೆಯದೊಂದನ್ನು ಕೊಂಡುಬಿಡೋಣ’ ಎಂದು ಹೊರಡುತ್ತಾರೆ.

ಹಾಗೆ ಹೊರಡುವವರು ಕಾರು ಕೊಂಡ ಅನುಭವವನ್ನು ಮಾತ್ರ ನೆಚ್ಚಿಕೊಳ್ಳಬಾರದು. ಕಾರಿನಲ್ಲಿ ಮೊದಲು ನೋಡುವುದು ಎಷ್ಟು ಮೈಲಿ ಓಡಿದೆ ಎಂದು. ಮೋಟಾರ್‌ಹೋಮ್‌ನಲ್ಲಿ ಆ ಅಂಕಿ ದಾರಿ ತಪ್ಪಿಸುತ್ತದೆ. ಹತ್ತು ವರ್ಷದಲ್ಲಿ ಇಪ್ಪತ್ತು ಸಾವಿರ ಮೈಲಿಯಷ್ಟೇ ಓಡಿದ ಗಾಡಿ ಎಂದರೆ ಬಹುಕಾಲ ಬಿಸಿಲು–ಮಳೆಯಲ್ಲಿ ನಿಂತಿದ್ದ ಗಾಡಿ. ನಿಂತಲ್ಲೇ ಟೈರು ಒಣಗಿ ಬಿರಿಯುತ್ತದೆ, ಜನರೇಟರಿನ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲು ಅಂಟಾಗುತ್ತದೆ, ಛಾವಣಿಯ ಸೀಲು ಸೀಳುತ್ತದೆ. ಎಂಜಿನ್ ಚೆನ್ನಾಗಿದ್ದು ಮನೆ ಕೊಳೆತಿರುವ ಗಾಡಿಗಳೇ ಹೆಚ್ಚು. ಬೆಲೆ ಇಳಿಸುವ ಆಧಾರ ಸಿಗುವುದೂ ಆ ಮನೆಯ ಭಾಗದಲ್ಲೇ.

ಮೊದಲು ಮಾರುಕಟ್ಟೆ

ಕೋವಿಡ್ ಕಾಲದಲ್ಲಿ ಅಮೆರಿಕನ್ನರು ಮೋಟಾರ್‌ಹೋಮ್‌ನಂಥ ಪ್ರವಾಸದ ಗಾಡಿಗಳಿಗೆ, ಅಂದರೆ ಆರ್‌ವಿಗಳಿಗೆ, ಮುಗಿಬಿದ್ದರು. ಉದ್ಯಮ ಸಂಘದ ಲೆಕ್ಕದಂತೆ 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದ ಆರ್‌ವಿಗಳು, ಎಳೆದೊಯ್ಯುವ ಟ್ರೇಲರ್‌ಗಳೂ ಸೇರಿ, 6 ಲಕ್ಷ ದಾಟಿದ್ದವು. 2023ರಲ್ಲಿ ಅದು ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಏರುಗಾಲದಲ್ಲಿ ದುಬಾರಿ ಬೆಲೆ ಕೊಟ್ಟು, ಹತ್ತು–ಹದಿನೈದು ವರ್ಷದ ಸಾಲ ಮಾಡಿ ಕೊಂಡವರು ಅನೇಕರು. ಅಂಥವರ ಗಾಡಿ ಮಾರಾಟಕ್ಕೆ ಬಂದಾಗ ಅವರು ಹೇಳುವ ಬೆಲೆ ಹೆಚ್ಚಾಗಿ ತಮ್ಮ ಸಾಲದ ಬಾಕಿಯನ್ನು ನೋಡಿ ಹೇಳಿದ್ದು. ಅವರ ಬಾಕಿ ನಿಮ್ಮ ಲೆಕ್ಕಕ್ಕೆ ಸೇರಬಾರದು.

ಜೆ.ಡಿ. ಪವರ್ ಸಂಸ್ಥೆಯ ಬೆಲೆಪಟ್ಟಿಯಲ್ಲಿ (ಹಳಬರು ಇದನ್ನು ಇನ್ನೂ ‘ನಾಡಾ’ ಎನ್ನುತ್ತಾರೆ) ಆ ಕಂಪನಿ, ಮಾದರಿ, ವರ್ಷಕ್ಕೆ ಕೊಟ್ಟಿರುವ ಕನಿಷ್ಠ ಮತ್ತು ಸರಾಸರಿ ಬೆಲೆ ಬರೆದುಕೊಳ್ಳಿ. ಆಮೇಲೆ ಆರ್‌ವಿ ಟ್ರೇಡರ್‌ನಂಥ ಜಾಹೀರಾತು ತಾಣಗಳಲ್ಲಿ ಅದೇ ಮಾದರಿಯ, ಹೆಚ್ಚುಕಡಿಮೆ ಅದೇ ಉದ್ದದ ಐದಾರು ಗಾಡಿ ಹುಡುಕಿ. ಅಲ್ಲಿರುವುದು ಕೇಳುವ ಬೆಲೆ, ಮಾರಿದ ಬೆಲೆ ಅಲ್ಲ. ಆದ್ದರಿಂದ ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ. ಯಾವುದು ಹೋಯಿತು, ಯಾವುದು ಹಾಗೇ ಉಳಿಯಿತು, ಯಾವುದರ ಬೆಲೆ ಇಳಿಯಿತು ಎಂಬುದನ್ನು ಗಮನಿಸಿದರೆ ಗಾಡಿಗಳು ನಿಜಕ್ಕೂ ಯಾವ ಬೆಲೆಗೆ ಹೋಗುತ್ತಿವೆ ಎಂಬ ಅಂದಾಜು ಸಿಗುತ್ತದೆ.

ಫೋನಿನಲ್ಲಿ ಕೇಳಬೇಕಾದ್ದು

‘ಲಾಸ್ಟ್ ಪ್ರೈಸ್ ಎಷ್ಟು?’ ಎಂದು ಫೋನಿನಲ್ಲೇ ಕೇಳುವ ನಮ್ಮವರ ರೂಢಿಯನ್ನು ಇಲ್ಲಿ ಬಿಡಬೇಕು. ಗಾಡಿ ನೋಡದೆ ಬೆಲೆ ಕೇಳುವವರನ್ನು ಮಾರುವವರು ಅಲ್ಲೇ ಪಕ್ಕಕ್ಕಿಡುತ್ತಾರೆ. ಅದರ ಬದಲು ಹೀಗೆ ಕೇಳಿ: ಗಾಡಿಯನ್ನು ಶೆಡ್ಡಿನಲ್ಲಿ ಇಟ್ಟಿದ್ದರೋ ಬಯಲಿನಲ್ಲೋ? ಛಾವಣಿಯ ಸೀಲು ಕೊನೆಯ ಸಲ ಮಾಡಿಸಿದ್ದು ಯಾವಾಗ? ಟೈಟಲ್ ಕೈಯಲ್ಲಿದೆಯೋ, ಬ್ಯಾಂಕಿನಲ್ಲಿದೆಯೋ? ಮಾರುತ್ತಿರುವುದೇಕೆ?

ಇನ್ನೆರಡು ವಿನಂತಿಗಳೂ ಇರಲಿ. ನೀವು ಬರುವ ಹಿಂದಿನ ದಿನವೇ ಫ್ರಿಜ್ ಚಾಲೂ ಮಾಡಿಡಲು ಹೇಳಿ. ಹಳೆಯ ಗಾಡಿಗಳಲ್ಲಿರುವುದು ಹೆಚ್ಚಾಗಿ ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್. ಅದು ತಣ್ಣಗಾಗಲು ಹಲವು ಗಂಟೆ ಬೇಕು. ನೀವು ಹೋದ ಮೇಲೆ ಸ್ವಿಚ್ ಹಾಕಿದರೆ ಏನೂ ತಿಳಿಯದು. ಎಂಜಿನ್ನನ್ನೂ ಜನರೇಟರನ್ನೂ ಮಾತ್ರ ನೀವು ಬರುವವರೆಗೆ ಮುಟ್ಟದಿರಲಿ. ತಣ್ಣಗಿರುವಾಗ ಹೇಗೆ ಶುರುವಾಗುತ್ತವೆ ಎಂಬುದನ್ನು ನೀವೇ ನೋಡಬೇಕು.

ನೀರು ಎಲ್ಲಿ ನುಗ್ಗಿದೆ?

ಗಾಡಿ ನೋಡಲು ಹೋದ ದಿನ ಅರ್ಧ ಸಮಯವನ್ನು ನೀರಿನ ಸುಳಿವು ಹುಡುಕಲು ಮೀಸಲಿಡಿ. ನಾನು ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬೇರೆಲ್ಲ ದೋಷಕ್ಕೂ ಒಂದು ದರ ಕಟ್ಟಬಹುದು, ಒಳಗೇ ಕೊಳೆತ ಗೋಡೆಗೆ ಕಟ್ಟಲಾಗದು. ಮೇಲಿನ ಹಲಗೆ ಬಿಚ್ಚುವವರೆಗೆ ಒಳಗಿನ ಮರದ ಚೌಕಟ್ಟು ಎಷ್ಟು ಹೋಗಿದೆ ಎಂದು ರಿಪೇರಿಯವರಿಗೂ ಗೊತ್ತಾಗದು.

ಏಣಿ ಇದ್ದರೆ ಮಾಲೀಕರ ಒಪ್ಪಿಗೆ ಪಡೆದು ಛಾವಣಿ ನೋಡಿ. ಗಾಳಿಗಿಂಡಿ, ಎ.ಸಿ., ಆ್ಯಂಟೆನಾಗಳ ಸುತ್ತ ಬಳಿದ ಸೀಲಂಟ್ ಬಿರಿದಿದೆಯೇ? ಒಂದರ ಮೇಲೊಂದು ತೇಪೆ ಹಚ್ಚಿದ್ದಾರೆಯೇ? ಕೆಳಗಿಳಿದು ಗಾಡಿಯ ಮೂಲೆಯಲ್ಲಿ ನಿಂತು ಗೋಡೆಯುದ್ದಕ್ಕೂ ಓರೆಯಾಗಿ ಕಣ್ಣು ಹಾಯಿಸಿ. ಎಲ್ಲಾದರೂ ಗುಳ್ಳೆಯಂತೆ ಉಬ್ಬಿದ್ದರೆ ಫೈಬರ್‌ಗ್ಲಾಸ್ ಒಳಹಲಗೆಯಿಂದ ಬಿಟ್ಟುಕೊಂಡಿದೆ ಎಂದು ತಿಳಿಯಿರಿ. ಹೆಚ್ಚಿನ ಕುಟುಂಬಗಳು ಕೊಳ್ಳುವುದು ‘ಕ್ಲಾಸ್ ಸಿ’, ಅಂದರೆ ಫೋರ್ಡ್ ಇ–450ಯಂಥ ವ್ಯಾನಿನ ಚಾಸಿಯ ಮೇಲೆ ಕಟ್ಟಿದ, ಡ್ರೈವರಿನ ತಲೆಯ ಮೇಲೆ ಮಲಗುವ ಅಟ್ಟವಿರುವ ಗಾಡಿ. ಆ ಅಟ್ಟವೇ ಸೋರಿಕೆಗೆ ಹೆಸರಾದ ಜಾಗ. ಹಾಸಿಗೆ ಎತ್ತಿ, ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ಮರ ಕೊಳೆತಿದೆ. ಕಪಾಟುಗಳ ಒಳಗೆ ಟಾರ್ಚ್ ಬಿಟ್ಟು ಕಂದು ಕಲೆ ಹುಡುಕಿ, ಮುಗ್ಗಲು ವಾಸನೆ ಇದೆಯೇ ನೋಡಿ. ಹೊರಕ್ಕೆ ಚಾಚುವ ಸ್ಲೈಡ್ ಇದ್ದರೆ ಅದರ ನೆಲದ ಅಂಚನ್ನು ತುಳಿದು ಪರೀಕ್ಷಿಸಿ.

ಗೋಡೆ ಮೆತ್ತಗಿದ್ದರೆ ಬೆಲೆ ಮಾತಾಡುವ ಗೋಜಿಗೇ ಹೋಗಬೇಡಿ. ಅರ್ಧ ಬೆಲೆಗೆ ಕೊಡುತ್ತೇನೆಂದರೂ ನಮಸ್ಕಾರ ಹೇಳಿ ಬನ್ನಿ.

ಉಳಿದವನ್ನು ನೋಡುವುದು ಸುಲಭ. ಟೈರಿನ ಪಕ್ಕದಲ್ಲಿ ‘ಡಿಒಟಿ’ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಆರೇಳು ವರ್ಷ ದಾಟಿದ ಟೈರಿನ ಹಲ್ಲು ಹೊಸದರಂತಿದ್ದರೂ ಬದಲಿಸುವುದೇ ಕ್ಷೇಮ, ಇ–450ಗೆ ಬೇಕಾದದ್ದು ಆರು ಟೈರು. ಜನರೇಟರನ್ನು ಎ.ಸಿ. ಹಾಕಿಕೊಂಡೇ ಓಡಿಸಿ ನೋಡಿ, ಅದರ ಗಂಟೆ ಮೀಟರಿನ ಫೋಟೊ ತೆಗೆದುಕೊಳ್ಳಿ. ಗೀಸರ್, ಒಲೆ, ನೀರಿನ ಪಂಪು, ಬ್ಯಾಟರಿ ಎಲ್ಲವನ್ನೂ ಚಾಲೂ ಮಾಡಿ, ಕಂಡದ್ದನ್ನು ಮಾಲೀಕರ ಎದುರಿಗೇ ಕಾಗದದಲ್ಲಿ ಬರೆಯುತ್ತ ಹೋಗಿ.

ಮಾತಿಗೆ ಕೂತಾಗ

ಉದಾಹರಣೆಗೆ ಒಂದು ಲೆಕ್ಕ. ಹತ್ತು ವರ್ಷದ ಕ್ಲಾಸ್ ಸಿ ಗಾಡಿಗೆ ಮಾಲೀಕರು 48,000 ಡಾಲರ್ ಕೇಳುತ್ತಿದ್ದಾರೆ. ನಿಮ್ಮ ಹುಡುಕಾಟದಂತೆ ಸುಸ್ಥಿತಿಯಲ್ಲಿರುವ ಅಂಥ ಗಾಡಿ 43,500ರ ಆಸುಪಾಸಿಗೆ ಹೋಗುತ್ತಿದೆ. ಈ ಗಾಡಿಗೆ ಆರು ಟೈರಿಗೆ 1,400, ಫ್ರಿಜ್‌ಗೆ 2,000, ಛಾವಣಿಯ ಮರುಸೀಲಿಗೆ 1,200, ಬ್ಯಾಟರಿಗಳಿಗೆ 350 ಬೇಕು ಎಂದುಕೊಳ್ಳಿ. ಒಟ್ಟು 4,950. ಹಾಗಾದರೆ ಇದರ ನ್ಯಾಯವಾದ ಬೆಲೆ 38,550. ನೀವು 37,000ದಿಂದ ಮಾತು ಶುರು ಮಾಡಬಹುದು, 39,000 ದಾಟಬಾರದು. ಈ ಮಿತಿಯನ್ನು ಗಾಡಿಯ ಹತ್ತಿರ ನಿಂತು ಯೋಚಿಸಬಾರದು, ಗಂಡ–ಹೆಂಡತಿ ಇಬ್ಬರೇ ಪಕ್ಕಕ್ಕೆ ಹೋಗಿ ನಿರ್ಧರಿಸಿಕೊಂಡು ಬರಬೇಕು. ರಿಪೇರಿಯ ದರಗಳನ್ನು ಮಾತ್ರ ಊಹೆಯಿಂದ ಬರೆಯಬೇಡಿ. ಅಲ್ಲಿನ ಟೈರ್ ಅಂಗಡಿಗೂ ಆರ್‌ವಿ ರಿಪೇರಿಯವರಿಗೂ ಫೋನ್ ಮಾಡಿ ಕೇಳಿದ ದರವೇ ಇರಲಿ.

ಇನ್ನು ಹೇಳುವ ರೀತಿ. ಮಾರುವವರು ಎಷ್ಟೋ ಸಲ ನಿವೃತ್ತ ದಂಪತಿ. ದೇಶವೆಲ್ಲ ಸುತ್ತಿದ ಗಾಡಿಯನ್ನು ಈಗ ವಯಸ್ಸಿನ ಕಾರಣಕ್ಕೆ ಮಾರುತ್ತಿರುತ್ತಾರೆ. ಬೆಲೆ ಇಳಿಯಲೆಂದು ಅದನ್ನು ಹೀಗಳೆಯುವುದು ಸಲ್ಲದು, ಅದರಿಂದ ಕೆಲಸವೂ ಆಗದು. ‘ನೀವು ಇದನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ. ನಮಗೆ ಇಷ್ಟವಾಗಿದೆ. ಆದರೆ ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಮುನ್ನ ಇಷ್ಟು ಕೆಲಸ ಮಾಡಿಸಲೇಬೇಕು, ಪಟ್ಟಿ ಇಲ್ಲಿದೆ. ಇದನ್ನು ಕಳೆದು ನಾವು 37,000 ಕೊಡಬಹುದು’ ಎನ್ನಿ. ಪಟ್ಟಿಯನ್ನು ಅವರ ಕೈಗೆ ಕೊಟ್ಟು ಸುಮ್ಮನಿರಿ. ಅವರು ಓದುವಾಗ ನೀವೇ ಮಾತು ತುಂಬಿಸಿ ಇನ್ನೊಂದು ಸಾವಿರ ಏರಿಸಬೇಡಿ. ಅವರು 42,000ಕ್ಕೆ ಬಂದರೆ ನೀವು ಐನೂರರಷ್ಟೇ ಏರಿ. ಬೆಲೆ ಅಲ್ಲೇ ನಿಂತುಬಿಟ್ಟರೆ ಟೈರು ಅವರೇ ಹಾಕಿಸಿಕೊಡಲಿ ಎಂದು ಕೇಳಬಹುದು. ಹೊಂದದಿದ್ದರೆ ನಂಬರು ಕೊಟ್ಟು ಬನ್ನಿ. ಚಳಿ ಶುರುವಾಗುವ ಹೊತ್ತಿಗೆ, ಇನ್ನೊಂದು ಚಳಿಗಾಲ ಅದನ್ನು ಕಾಪಾಡುವ ಖರ್ಚು ನೆನೆದು, ಅವರೇ ಕರೆಯುವುದುಂಟು.

ಬೆಲೆಗೆ ಒಪ್ಪಿದ ಮೇಲೂ ಪೂರ್ತಿ ಹಣ ಕೊಡುವ ಮುನ್ನ ಪರಿಣತರಿಂದ ತಪಾಸಣೆ ಮಾಡಿಸಿ. ರಾಷ್ಟ್ರೀಯ ಆರ್‌ವಿ ಇನ್‌ಸ್ಪೆಕ್ಟರುಗಳ ಸಂಘದ ಪ್ರಮಾಣಪತ್ರ ಪಡೆದವರು ಸಿಗುತ್ತಾರೆ. ಕೆಲವು ನೂರು ಡಾಲರಿನಿಂದ ಸಾವಿರದ ಮೇಲೂ ಆಗಬಹುದು, ಕೊಡಿ. ಮುಂಗಡದ ರಸೀದಿಯಲ್ಲಿ ‘ತಪಾಸಣೆ ತೃಪ್ತಿಕರವಾಗದಿದ್ದರೆ ಹಣ ವಾಪಸ್’ ಎಂಬ ಸಾಲು ಇರಲೇಬೇಕು.

ಡೀಲರ್ ಆದರೆ

ಡೀಲರು ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಎಂದು ಕೇಳಿದರೆ ಉತ್ತರಿಸಬೇಡಿ. ಸಾಲವನ್ನು ಹದಿನೈದು ವರ್ಷಕ್ಕೆ ಎಳೆದರೆ ಯಾವ ಬೆಲೆಯೂ ಅಗ್ಗವಾಗಿ ಕಾಣುತ್ತದೆ. ತೆರಿಗೆ, ದಾಖಲೆ ಶುಲ್ಕ, ‘ಪ್ರೆಪ್’ ಶುಲ್ಕ ಎಲ್ಲ ಸೇರಿ ಗೇಟು ದಾಟಲು ಒಟ್ಟು ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ, ಆ ಮೊತ್ತದ ಮೇಲೆ ಮಾತ್ರ ಚೌಕಾಶಿ ಮಾಡಿ. ಹೆಚ್ಚುವರಿ ವಾರಂಟಿಯ ಮಾತು ಬೆಲೆ ಕುದುರಿದ ಮೇಲಿರಲಿ.

ಕಾಗದಪತ್ರ

ವಿಐಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ಹಾಕಿದರೆ ಬಾಕಿಯಿರುವ ರಿಕಾಲ್‌ಗಳು ಉಚಿತವಾಗಿ ಸಿಗುತ್ತವೆ. ಚಾಸಿ ಒಂದು ಕಂಪನಿಯದು, ಮನೆ ಇನ್ನೊಂದರದು, ಫ್ರಿಜ್ ಮತ್ತೊಂದರದು, ಮೂರನ್ನೂ ನೋಡಿ. ಟೈಟಲ್ ಬ್ಯಾಂಕಿನಲ್ಲಿದ್ದರೆ ಮಾಲೀಕರ ಜೊತೆ ಬ್ಯಾಂಕಿಗೇ ಹೋಗಿ ಬಾಕಿಯನ್ನು ನೇರ ಅಲ್ಲೇ ಕಟ್ಟಿ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿಯವರಿಂದ ಕೊಂಡರೂ ನೋಂದಣಿಯ ವೇಳೆ ಡಿಎಂವಿ ತೆರಿಗೆ ಹಾಕುತ್ತದೆ, ಆ ಹಣ ಎತ್ತಿಡಿ. ಸ್ಮಾಗ್ ಪ್ರಮಾಣಪತ್ರ ಅಗತ್ಯವಿದ್ದರೆ ಅದನ್ನು ಕೊಡುವ ಹೊಣೆ ಅಲ್ಲಿ ಮಾರುವವರದು.

ಚಳಿ ರಾಜ್ಯಗಳಲ್ಲಿ ನವೆಂಬರಿನ ಮೇಲೆ ಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ಆಗ ಕೊಳವೆಗಳು ಹೆಪ್ಪುಗಟ್ಟಿ ಒಡೆಯದಂತೆ ನೀರು ಬಸಿದು ಆ್ಯಂಟಿಫ್ರೀಜ್ ತುಂಬಿರುತ್ತಾರೆ, ಹಾಗಾಗಿ ನೀರಿನ ವ್ಯವಸ್ಥೆಯನ್ನು ಪರೀಕ್ಷಿಸಲಾಗದು. ಬೆಲೆಯ ಒಂದು ಭಾಗವನ್ನು ವಸಂತದಲ್ಲಿ ನೀರು ಹರಿಸಿ ನೋಡಿದ ಮೇಲೆ ಕೊಡುವುದಾಗಿ ಬರೆದು ಒಪ್ಪಿಸಿ. ಒಪ್ಪದಿದ್ದರೆ ಆ ಅಪಾಯಕ್ಕೂ ಒಂದು ಮೊತ್ತ ಕಳೆಯಿರಿ. ಕೀಲಿ ಪಡೆಯುವ ದಿನ ಮಾಲೀಕರನ್ನು ಒಂದು ಗಂಟೆ ಕೇಳಿಕೊಂಡು ಟ್ಯಾಂಕು, ವಾಲ್ವು, ಫ್ಯೂಸ್, ಸ್ಲೈಡನ್ನು ಕೈಯಿಂದ ಎಳೆಯುವ ವಿಧಾನ ಎಲ್ಲವನ್ನೂ ಅವರಿಂದಲೇ ಹೇಳಿಸಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.