ದಾರಿಯಲ್ಲಿ ಸಿಕ್ಕಿಬಿದ್ದ ಓಲೆ

೧೭೯೯ನೆಯ ಇಸವಿಯ ಜನವರಿ ತಿಂಗಳಲ್ಲಿ ಈಜಿಪ್ಟಿನ ಕೈರೋ ನಗರದಿಂದ ಶ್ರೀರಂಗಪಟ್ಟಣಕ್ಕೆಂದು ಒಂದು ಓಲೆ ಹೊರಟಿತು. ಬರೆದವನು ಫ್ರೆಂಚ್ ಸೇನಾಪತಿ ನೆಪೋಲಿಯನ್ ಬೋನಪಾರ್ಟ್. ಅದು ಸೇರಬೇಕಾಗಿದ್ದುದು ಟಿಪ್ಪು ಸುಲ್ತಾನನಿಗೆ. ತಾನು ಭಾರಿ ಸೈನ್ಯದೊಡನೆ ಕೆಂಪು ಸಮುದ್ರದ ಅಂಚಿಗೆ ಬಂದಿರುವುದಾಗಿಯೂ, ನಂಬಿಕೆಗೆ ಪಾತ್ರನಾದ ಒಬ್ಬ ದೂತನನ್ನು ಮಾತುಕತೆಗೆ ಕಳುಹಿಸಬೇಕೆಂದೂ ಅದರಲ್ಲಿ ಬರೆದಿತ್ತು. ಮೆಕ್ಕಾದ ಷರೀಫನ ಮೂಲಕ ಸಾಗಬೇಕಾಗಿದ್ದ ಆ ಓಲೆ ನಡುದಾರಿಯಲ್ಲಿಯೇ ಇಂಗ್ಲಿಷರ ವಶವಾಯಿತು. ಟಿಪ್ಪು ಅದನ್ನು ಕಣ್ಣಿನಿಂದಲೂ ಕಾಣಲಿಲ್ಲ. ಓದಿದವರು ಅವನ ವೈರಿಗಳು. ಅದೇ ವರ್ಷದ ಮೇ ೪ರಂದು ಕೋಟೆ ಬಿದ್ದಿತು. ಓಲೆ ತಲುಪಿದ್ದರೆ ಕೋಟೆ ಉಳಿಯುತ್ತಿತ್ತೆಂದು ಯಾರೂ ಹೇಳಲಾರರು. ಆದರೆ ಕಾವೇರಿಯ ಎರಡು ಕವಲುಗಳ ನಡುವೆ ಎಷ್ಟೇ ಬಲವಾದ ಗೋಡೆಯನ್ನು ಕಟ್ಟಿದ್ದರೂ, ಆ ಗೋಡೆ ದೂರದ ದಾರಿಯಲ್ಲಿದ್ದ ಓಲೆಯನ್ನು ಕಾಯಲಾರದಾಗಿತ್ತು.

ಈಗ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅದು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿದೆ, ಕವಿ ಕೆ. ಎಸ್. ನರಸಿಂಹಸ್ವಾಮಿಯವರು ೧೯೧೫ರಲ್ಲಿ ಹುಟ್ಟಿದ ಊರು ಅದು. ಆ ಮನೆಯ ಅಜ್ಜಿಯ ತವರು ನಾಗಮಂಗಲ. ಅವರು ಹಾಡುತ್ತಿದ್ದ ಸೋಬಾನೆ ಪದಗಳನ್ನು ಮಕ್ಕಳು ಹಿಂದೆ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅಜ್ಜಿ ಈಗಿಲ್ಲ. ಕ್ಯಾಸೆಟ್ಟಿನ ಪಟ್ಟಿ ಬೂಷ್ಟು ಹಿಡಿಯುವ ಮುನ್ನ ಮಗ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಜೆಲ್ಲಿಫಿನ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ಮನೆಯಲ್ಲೇ ಒಂದು ಸಣ್ಣ ಹಾಡಿನ ಭಂಡಾರವನ್ನು ಮಾಡಿದ್ದಾನೆ. ಇಂತಹ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಪಾಂಡವಪುರದಲ್ಲಿರುವ ಅಕ್ಕನಿಗೂ ಅಮೆರಿಕದಲ್ಲಿರುವ ಮೊಮ್ಮಗನಿಗೂ ಆ ದನಿಯನ್ನು ಕೇಳುವ ಆಸೆ. ಮಗನು ಅವಸರಪಟ್ಟು, ಮನೆಯ ಅಂತರಜಾಲದ ಪೆಟ್ಟಿಗೆಯಲ್ಲಿ, ಎಂದರೆ ರೂಟರಿನಲ್ಲಿ, ಒಂದು ಬಾಗಿಲನ್ನು ತೆರೆದು ಬಿಟ್ಟನೆನ್ನೋಣ. ಹಾಡು ಕೇಳಿಸುವುದೇನೋ ನಿಜ. ಆದರೆ ಆ ದಾರಿ ಎಚ್‌ಟಿಟಿಪಿ ಎಂಬ ಬರಿಯ ದಾರಿ. ಮೊಮ್ಮಗನು ಒತ್ತುವ ಗುಪ್ತಪದವು ಹಲವು ಯಂತ್ರಗಳನ್ನು ದಾಟಿ ಬರುವಾಗ ಬಿಚ್ಚಿದ ಓಲೆಯಂತೆಯೇ ಇರುತ್ತದೆ. ನಡುವೆ ನಿಂತವರು ಓದಬಹುದು, ತಿದ್ದಲೂ ಬಹುದು. ಹಾಡಿಗೇನು ಕೇಡು ಎಂದು ಕೇಳಬಹುದು. ಅದೇ ಯಂತ್ರದಲ್ಲಿ ಮನೆಯವರ ಭಾವಚಿತ್ರಗಳೂ ಜಮೀನಿನ ಪತ್ರಗಳ ಪ್ರತಿಗಳೂ ಇದ್ದರೆ, ಒಮ್ಮೆ ಒಳಹೊಕ್ಕವನು ಹಾಡಿಗೇ ತೃಪ್ತನಾಗುವನೆಂಬ ಭರವಸೆಯಿಲ್ಲ.

ಓಲೆಯನ್ನು ಗೂಢಲಿಪಿಯಲ್ಲಿ ಬರೆಯಬಹುದು. ಆದರೆ ಅದನ್ನು ಬಿಡಿಸುವ ಗುಟ್ಟನ್ನು ಇಬ್ಬರೂ ಮೊದಲೇ ತಿಳಿದಿರಬೇಕು. ಕೈರೋದಲ್ಲಿದ್ದವನೂ ಶ್ರೀರಂಗಪಟ್ಟಣದಲ್ಲಿದ್ದವನೂ ಒಮ್ಮೆಯೂ ಭೇಟಿಯಾಗಿರಲಿಲ್ಲ. ಗುಟ್ಟನ್ನು ಕಳುಹಿಸಲು ಇದ್ದುದೂ ವೈರಿಗಳು ಕಾಯುತ್ತಿದ್ದ ಅದೇ ದಾರಿ. ಸಾವಿರಾರು ವರ್ಷ ಬಿಡಿಸಲಾಗದಿದ್ದ ಈ ಗಂಟನ್ನು ಸಡಿಲಿಸುವ ಮಾರ್ಗವನ್ನು ೧೯೭೬ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. ಮರುವರ್ಷವೇ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಇನ್ನೊಂದು ವಿಧಾನವನ್ನು ಕಂಡುಹಿಡಿದರು. ಅದರ ತಿರುಳು ಒಂಬತ್ತನೆಯ ತರಗತಿಯ ಗಣಿತಕ್ಕೆ ದೂರವಾದುದಲ್ಲ. ೮೯ ಮತ್ತು ೯೭ ಎಂಬ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ೮೬೩೩ ಎಂದು ಹೇಳಲು ಕ್ಷಣ ಸಾಕು. ೮೬೩೩ನ್ನು ಕೊಟ್ಟು, ಇದು ಯಾವ ಎರಡರ ಗುಣಲಬ್ಧವೆಂದು ಕೇಳಿದರೆ ಹೊತ್ತು ಹಿಡಿಯುತ್ತದೆ. ಸಂಖ್ಯೆ ನೂರಾರು ಅಂಕಿಗಳಷ್ಟು ಉದ್ದವಾದರೆ ಇಂದಿನ ಕಂಪ್ಯೂಟರುಗಳೂ ಸೋಲುತ್ತವೆ. ಹೀಗಾಗಿ ಗುಣಲಬ್ಧವನ್ನು ಬಾಯ್ದೆರೆದ ಬೀಗದಂತೆ ಊರಿಗೆಲ್ಲ ಹಂಚಬಹುದು. ಯಾರು ಬೇಕಾದರೂ ಅದನ್ನು ಒತ್ತಿ ಮುಚ್ಚಬಲ್ಲರು. ತೆರೆಯುವ ಕೈ ಮಾತ್ರ ಒಡೆಯನಲ್ಲಿಯೇ ಉಳಿಯುತ್ತದೆ. ಇಂತಹ ಗಣಿತದಿಂದ ಭದ್ರಪಡಿಸಿದ ದಾರಿಗೆ ಎಚ್‌ಟಿಟಿಪಿಎಸ್ ಎಂದು ಹೆಸರು.

ಇಷ್ಟಾದರೂ ಒಂದು ಸಂಶಯ ಉಳಿಯುತ್ತದೆ. ಮೊಮ್ಮಗನ ಕೈಗೆ ಬಂದ ಬೀಗ ಕಿಕ್ಕೇರಿಯ ಮನೆಯದೇ ಅಥವಾ ನಡುವೆ ನಿಂತ ವಂಚಕನದೇ? ಹಿಂದೆ ಅರಸರು ಓಲೆಗೆ ಮುದ್ರೆಯೊತ್ತುತ್ತಿದ್ದುದು ಈ ಸಂಶಯದ ನಿವಾರಣೆಗಾಗಿಯೇ. ಇಂದಿನ ಮುದ್ರೆಯೆಂದರೆ ಪ್ರಮಾಣಪತ್ರ. ಮನೆಯವರು ಮೊದಲು ತಮ್ಮ ಸರ್ವರಿಗೆ ಒಂದು ಹೆಸರನ್ನು ನೋಂದಾಯಿಸಬೇಕು. ಅನಂತರ ಕ್ಯಾಡಿಯಂತಹ ತಂತ್ರಾಂಶವೊಂದನ್ನು ದ್ವಾರಪಾಲಕನಂತೆ ಮುಂದೆ ನಿಲ್ಲಿಸಬೇಕು. ೨೦೧೫ರ ಕೊನೆಯಿಂದ ಸಾರ್ವಜನಿಕರಿಗೆ ಉಚಿತವಾಗಿ ಪ್ರಮಾಣಪತ್ರವನ್ನು ನೀಡುತ್ತಿರುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಆ ದ್ವಾರಪಾಲಕನಿಗೆ ಒಂದು ಗುರುತಿನ ಮಾತನ್ನು ಕೊಟ್ಟು, ಆ ಹೆಸರಿನ ವಿಳಾಸದಲ್ಲಿ ಅದನ್ನು ಇರಿಸಲು ಹೇಳುತ್ತದೆ. ತಾನೇ ಹೋಗಿ ನೋಡಿ, ಇದ್ದರೆ ಮುದ್ರೆಯೊತ್ತುತ್ತದೆ. ಅವಧಿ ಮುಗಿಯುವ ಮುನ್ನ ನವೀಕರಿಸುವ ಕೆಲಸವನ್ನೂ ದ್ವಾರಪಾಲಕನೇ ನೋಡಿಕೊಳ್ಳುತ್ತಾನೆ. ಹಾಡಿನ ಭಂಡಾರದ ಸ್ವಂತ ಬಾಗಿಲಾದ ೮೦೯೬ನೆಯ ಸಂಖ್ಯೆಯನ್ನು ಹೊರಗಿನವರಿಗೆ ತೆರೆಯಬೇಕಾಗಿಲ್ಲ. ಭದ್ರವಾದ ೪೪೩ನೆಯ ಬಾಗಿಲಿನಿಂದ ಬಂದವರನ್ನು ದ್ವಾರಪಾಲಕನೇ ಒಳಗೆ ಕರೆದೊಯ್ಯುತ್ತಾನೆ.

ಮುದ್ರೆಯೊತ್ತುವವರೇ ತಪ್ಪಿದರೇನು ಗತಿ? ೨೦೧೪ರ ಜುಲೈಯಲ್ಲಿ ನಮ್ಮ ದೇಶದಲ್ಲಿಯೇ ಹಾಗಾಯಿತು. ಕೇಂದ್ರ ಸರ್ಕಾರದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರಿನ ಮುದ್ರೆಯಿಂದ ಗೂಗಲ್ ಸಂಸ್ಥೆಯ ಹೆಸರುಗಳಿಗೆ, ಆ ಸಂಸ್ಥೆಯ ಅರಿವಿಲ್ಲದೆ, ಪ್ರಮಾಣಪತ್ರಗಳು ಹೊರಬಿದ್ದವು. ಅದು ಪತ್ತೆಯಾದ ಕೂಡಲೇ ಆ ಮುದ್ರೆಯ ಮಾನ್ಯತೆಯನ್ನು ರದ್ದುಪಡಿಸಲಾಯಿತು. ಇಂತಹ ಪ್ರಮಾದಗಳು ಬಯಲಾಗಲೆಂದೇ ಇಂದು ಪ್ರಮಾಣಪತ್ರಗಳನ್ನು ಎಲ್ಲರೂ ನೋಡಬಹುದಾದ ದಾಖಲೆಗಳಲ್ಲಿ ಬರೆದಿಡುತ್ತಾರೆ. ಅದರಿಂದ ಒಂದು ತೊಡಕೂ ಉಂಟು: ಕಿಕ್ಕೇರಿಯ ಮನೆ ಮುದ್ರೆಯನ್ನು ಪಡೆದೊಡನೆ ಅದರ ಹೆಸರು ಅಪರಿಚಿತರಿಗೂ ತಿಳಿದು, ಅವರು ಬಂದು ಬಾಗಿಲು ತಟ್ಟಬಹುದು. ಆದ್ದರಿಂದ ಗುಪ್ತಪದ ಗಟ್ಟಿಯಾಗಿರಬೇಕು, ತಂತ್ರಾಂಶ ಹಳತಾಗಬಾರದು. ನಮ್ಮ ಅನೇಕ ಅಂತರಜಾಲ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಒಂದೇ ಹೊರವಿಳಾಸವಿರುವುದರಿಂದ ಈ ಬಾಗಿಲನ್ನು ತೆರೆಯುವುದೇ ಸಾಧ್ಯವಾಗದು. ಅಂತಹ ಮನೆಯವರು ವೈರ್‌ಗಾರ್ಡ್ ಮೊದಲಾದ ಸುರಂಗದ ಏರ್ಪಾಡನ್ನು ಆಶ್ರಯಿಸುವುದುಂಟು. ಮನೆಯವರಷ್ಟೇ ಬಳಸುವ ಭಂಡಾರಕ್ಕೆ ಅದೇ ಲೇಸು.

ಇಷ್ಟೆಲ್ಲ ಕಾಪಿಡುವುದು ದಾರಿಯನ್ನು ಮಾತ್ರ, ದಾರಿಯ ತುದಿಗಳನ್ನಲ್ಲ. ಇದಕ್ಕೂ ಶ್ರೀರಂಗಪಟ್ಟಣದ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಫ್ರೆಂಚರ ಸ್ನೇಹ ಟಿಪ್ಪುವಿಗೆ ಹೊಸದಾಗಿರಲಿಲ್ಲ. ಅವರ ಪಡೆ ಬೀಡುಬಿಟ್ಟಿದ್ದ ಕಾರಣದಿಂದಲೇ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ನಿಂತಿತ್ತು. ಅವರ ನೆರವನ್ನು ಕೋರಿ ಟಿಪ್ಪು ಮಾರಿಷಸ್ ದ್ವೀಪಕ್ಕೆ ಗುಟ್ಟಾಗಿ ದೂತರನ್ನು ಅಟ್ಟಿದನು. ದೂತರು ಕ್ಷೇಮವಾಗಿ ತಲುಪಿದರು. ಆದರೆ ಅಲ್ಲಿನ ಗವರ್ನರ್ ಮಲಾರ್ತಿಕ್ ೧೭೯೮ರ ಜನವರಿ ೩೦ರಂದು, ಟಿಪ್ಪುವಿನ ಸೈನ್ಯಕ್ಕೆ ಸೇರಬಯಸುವವರು ಮುಂದೆ ಬರಬೇಕೆಂದು ಬಹಿರಂಗವಾಗಿ ಸಾರಿಬಿಟ್ಟನು. ಆ ಸಾರೋಲೆ ಕಲ್ಕತ್ತೆಯನ್ನು ಮುಟ್ಟಿ, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪವಾಯಿತು.

ಕಿಕ್ಕೇರಿಯ ಮನೆಯವರು ಅಕ್ಕನಿಗೊಂದು, ಮೊಮ್ಮಗನಿಗೊಂದು ಎಂದು ಬೇರೆ ಬೇರೆ ಗುಪ್ತಪದಗಳನ್ನು ಕೊಟ್ಟು, ಅವನ್ನು ಗೆಳೆಯರಿಗೆ ಹಂಚಬಾರದೆಂದು ತಿಳಿಸಿದರೆ ಆಯಿತು. ಮೊಮ್ಮಗನು ಅಲ್ಲಿ ರಾತ್ರಿ ಹಾಡು ಕೇಳುವಾಗ ಇಲ್ಲಿ ಹಗಲಾಗಿರುತ್ತದೆ. ಕಿಕ್ಕೇರಿಯಲ್ಲಿ ವಿದ್ಯುತ್ತು ಹೋದರೆ ಮಾತ್ರ ಅಜ್ಜಿಯ ಪದ ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೆ ಯಾವ ಮುದ್ರೆಯೂ ಮದ್ದಲ್ಲ.